ಕಸಿಗಂಟಿನ ಕೆಳಗಿನ ಚಿಗುರು

ಪುತ್ತೂರಿನ ಕಡೆಯ ಒಂದು ನರ್ಸರಿಯಲ್ಲಿ ಗೇರು ಕಸಿ ಕಟ್ಟುವುದು ನನ್ನ ಕೆಲಸ. ಸುಮಾರು ಎರಡು ತಿಂಗಳ ಸಸಿಯ ತಲೆ ಕತ್ತರಿಸಿ, ಕಾಂಡ ಸೀಳಿ, ಬೆಣೆಯಂತೆ ಕೆತ್ತಿದ ಕಸಿಕಡ್ಡಿಯನ್ನು ಅದರೊಳಗೆ ಇಳಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತುತ್ತೇನೆ. ಕಡ್ಡಿ ಕೊಯ್ಯುವುದಕ್ಕೆ ವಾರ-ಹತ್ತು ದಿನ ಮೊದಲೇ ತಾಯಿಮರದಲ್ಲಿ ಅದರ ಎಲೆಗಳನ್ನು ತೊಟ್ಟು ಉಳಿಸಿ ಕತ್ತರಿಸಿರುತ್ತೇವೆ. ತುದಿಯ ಮೊಗ್ಗು ಉಬ್ಬಿದ್ದರೆ ಕಸಿ ಬೇಗ ಹಿಡಿಯುತ್ತದೆ. ಗಿಡ ಚಿಗುರಿ ಗಿರಾಕಿಯ ಜೀಪು ಹತ್ತಿತೆಂದರೆ ನನ್ನ ಪಾಲಿನ ಕೆಲಸ ಮುಗಿಯಿತು ಎಂದೇ ಬಹಳ ಕಾಲ ನಂಬಿದ್ದೆ.

ನಾಲ್ಕು ವರ್ಷದ ಹಿಂದೆ ಗಿಡ ಒಯ್ದಿದ್ದ ರೈತರೊಬ್ಬರು ಕಳೆದ ಏಪ್ರಿಲ್‌ನಲ್ಲಿ ಬಂದು ಮೇಜಿನ ಮೇಲೆ ಒಂದು ಹಿಡಿ ಬೀಜ ಸುರಿದರು. "ಇದನ್ನು ವೆಂಗುರ್ಲಾ-7 ಎನ್ನುತ್ತೀರಾ?" ಆ ಸಂಕರ ತಳಿಯ ಬೀಜ ಒಂದೊಂದೂ 10 ಗ್ರಾಂ ಆಸುಪಾಸು ತೂಗಬೇಕು. ಇವು ಅದರ ಅರ್ಧವೂ ಇರಲಿಲ್ಲ.

ಮರುದಿನ ಅವರ ಗುಡ್ಡೆಗೆ ಹೋದೆ. ಒಂದು ಮರದ ಬುಡದಲ್ಲಿ ಕುಳಿತು ದರಗು ಸರಿಸಿ ನೋಡಿದೆ. ಸಸಿಯೂ ಕಡ್ಡಿಯೂ ಕೂಡಿದ ಜಾಗ, ಕಸಿಗಂಟು, ಅಲ್ಲೇ ಇತ್ತು; ನಾನು ಸುತ್ತಿದ ಪಟ್ಟಿಯೂ ತೊಗಟೆಯೊಳಗೆ ಹೂತುಹೋಗಿತ್ತು. ಅದರ ಮೇಲಿನ ಕಡ್ಡಿ ಬೆರಳು ಗಾತ್ರದಲ್ಲೇ ಒಣಗಿ ನಿಂತಿತ್ತು. ಗಂಟಿನ ಕೆಳಗಿನಿಂದ ಎದ್ದ ಚಿಗುರು ತೊಡೆಯಷ್ಟು ದಪ್ಪದ ಮರವಾಗಿತ್ತು! ಅವರು ನಾಲ್ಕು ವರ್ಷ ಗೊಬ್ಬರ ಹಾಕಿ ಸಾಕಿದ್ದು ಬೇರುಸಸಿಯನ್ನು, ಅಂದರೆ ಕಡ್ಡಿಗೆ ಬೇರು ಕೊಡಲೆಂದು ಬಳಸಿದ ಕೆಳಗಿನ ಸಸಿಯನ್ನು. ಅಂಥ ಮರಗಳು ಹನ್ನೊಂದು ಇದ್ದವು. ಗಂಟಿನ ಕೆಳಗೆ ಚಿಗುರಿದ್ದನ್ನೆಲ್ಲ ಚಿವುಟಬೇಕು, ಗಿಡ ಬೇರೂರಿದ ಮೇಲೆ ಪಟ್ಟಿ ಬಿಚ್ಚಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವನು ನಾನೇ.

"ಹಾಗಾದರೆ ಸರಿಯಾಗಿರುವ ಮರದ ಬೀಜವನ್ನೇ ಬಿತ್ತುತ್ತೇನೆ" ಎಂದರು. ಅದೂ ಆಗದು. ಗೇರಿನಲ್ಲಿ ಪರಕೀಯ ಪರಾಗಸ್ಪರ್ಶವೇ ಹೆಚ್ಚು, ಒಂದು ಮರದ ಹೂವಿಗೆ ಇನ್ನೊಂದು ಮರದ ಪರಾಗ ಸೇರುತ್ತದೆ. ಸಂಕರ ಮರದ ಬೀಜ ಬಿತ್ತಿದರೆ ಹತ್ತು ಸಸಿ ಹತ್ತು ಬಗೆ. ತಾಯಿಮರದ ಗುಣ ಬರುವುದು ಕಸಿಯಿಂದ ಮಾತ್ರ. ಆ ಗುಣವೆಲ್ಲ ಗಂಟಿನ ಮೇಲಿದೆ ಎಂಬುದು ಅವರಿಗೆ ಆ ಒಣಕಡ್ಡಿ ಮುಟ್ಟಿದ ಮೇಲೆಯೇ ಮನವರಿಕೆಯಾಯಿತು.

ಜೂನ್‌ನಲ್ಲಿ ಹನ್ನೊಂದು ಹೊಸ ಗಿಡಗಳನ್ನು ನಾನೇ ಒಯ್ದು ನೆಟ್ಟುಕೊಟ್ಟೆ. ಗಂಟು ಮಣ್ಣಿನಿಂದ ಎರಡು ಇಂಚು ಮೇಲಿರುವಂತೆ ಇರಿಸಿ, ಗಾಳಿಗೆ ಮುರಿಯದಂತೆ ಊರುಗೋಲು ಕಟ್ಟಿದೆ. ಈಗ ನಮ್ಮ ನರ್ಸರಿಯ ಮೇಜಿನ ಪಕ್ಕದಲ್ಲಿ, ಬುಡದ ಚಿಗುರನ್ನು ಬೇಕೆಂದೇ ಬಿಟ್ಟ ಒಂದು ಕಸಿಗಿಡವಿದೆ. ಹಣ ಎಣಿಸುವ ಮೊದಲು ಪ್ರತಿಯೊಬ್ಬ ಗಿರಾಕಿಯ ಬೆರಳನ್ನು ಅದರ ಗಂಟಿನ ಮೇಲೆ ಇಡಿಸುತ್ತೇನೆ.