ಸಾಲ್ಗಿನಾಟೋಬೆಲ್ ಸೇತುವೆಯನ್ನು ಕೆಳಗಿಳಿದು ನೋಡಿ

ಸ್ವಿಟ್ಜರ್ಲೆಂಡಿನ ಪ್ರವಾಸದಲ್ಲಿ ಹಿಮಶಿಖರಗಳಿಗೆ ಕೊಡುವ ಸಮಯದಿಂದ ಅರ್ಧ ದಿನ ಉಳಿಸಿಕೊಂಡು ಒಂದು ಕಾಂಕ್ರೀಟ್ ಕಮಾನನ್ನು ನೋಡಲು ಹೋಗಿ ಎಂದರೆ ಹಲವರು ಹುಬ್ಬೇರಿಸುತ್ತಾರೆ. ನಾನಂತೂ ಆ ದೇಶಕ್ಕೆ ಹೋದದ್ದೇ ಅದಕ್ಕಾಗಿ.

ಜ್ಯೂರಿಕ್‌ನಿಂದ ರೈಲಿನಲ್ಲಿ ಲಾಂಡ್‌ಕ್ವಾರ್ಟ್‌ಗೆ ಹೋಗಿ, ಅಲ್ಲಿ ದಾವೋಸ್ ಕಡೆಯ ಕೆಂಪು ರೈಲು ಹಿಡಿದು ಶೀರ್ಸ್‌ನಲ್ಲಿ ಇಳಿಯಬೇಕು. ಅಲ್ಲಿಂದ ಮೇಲಿನ ಶೂಡರ್ಸ್ ಹಳ್ಳಿಗೆ ಹೋಗುವ ಕಡಿದಾದ ರಸ್ತೆಯಲ್ಲಿ ಈ ಸೇತುವೆಯಿದೆ. ಹಳದಿ ಅಂಚೆ ಬಸ್ಸುಗಳ ಸಂಖ್ಯೆ ಕಡಿಮೆ. ಹೊರಡುವ ಮೊದಲೇ ಹಿಂದಿರುಗುವ ಬಸ್ಸಿನ ವೇಳೆ ನೋಡಿಟ್ಟುಕೊಳ್ಳಿ. ಕಾಲಲ್ಲಿ ಶಕ್ತಿಯಿದ್ದರೆ ಹತ್ತುವಾಗ ಬಸ್ಸು, ಇಳಿಯುವಾಗ ನಡಿಗೆ. ರಸ್ತೆ ಕಿರಿದು, ತಿರುವುಗಳಲ್ಲಿ ಎಚ್ಚರವಿರಲಿ.

ಸೇತುವೆಯ ಮೇಲೆ ನಿಂತು ಚಿತ್ರ ತೆಗೆದು ಮರಳುವವರಿಗೆ ದಕ್ಕುವುದು ಮೂರೂವರೆ ಮೀಟರ್ ಅಗಲದ ರಸ್ತೆ ಮತ್ತು ಎರಡು ಗೋಡೆ ಮಾತ್ರ. ಕಮಾನು ಅಲ್ಲಿಂದ ಕಾಣುವುದೇ ಇಲ್ಲ. ಪಕ್ಕದ ಕಾಲುದಾರಿಯಲ್ಲಿ ನೋಟದ ಜಾಗಕ್ಕೆ ಇಳಿಯಲೇಬೇಕು. ಮಳೆ ಬಂದಿದ್ದರೆ ದಾರಿ ಜಾರುತ್ತದೆ, ಹಿಡಿತವಿರುವ ಬೂಟು ಬೇಕು.

ಇಳಿದ ಮೇಲೆ ಕಮಾನಿನ ದಪ್ಪವನ್ನು ಗಮನಿಸಿ. ಎರಡು ಬುಡಗಳಲ್ಲಿ ಮತ್ತು ನೆತ್ತಿಯಲ್ಲಿ ಅದು ತೆಳು. ನಡುವಿನ ಎರಡು ಭಾಗಗಳಲ್ಲಿ ಮೈತುಂಬಿಕೊಂಡಿದೆ. ಇದು ಅಲಂಕಾರಕ್ಕಾಗಿ ಮಾಡಿದ್ದಲ್ಲ. ಆ ಮೂರು ಕಡೆ ಕೀಲುಗಳಿವೆ, ಅಂದರೆ ಕಮಾನು ತುಸು ತಿರುಗಬಲ್ಲ ಸಂದುಗಳು. ಬಿಸಿಲಿಗೆ ಕಾಂಕ್ರೀಟ್ ಹಿಗ್ಗಿದರೆ ನೆತ್ತಿ ತುಸು ಏರುತ್ತದೆ, ಚಳಿಗೆ ತುಸು ಇಳಿಯುತ್ತದೆ, ಬಿರುಕು ಬಿಡುವಷ್ಟು ಒತ್ತಡ ಒಳಗೆ ಕಟ್ಟಿಕೊಳ್ಳುವುದಿಲ್ಲ. ಕೀಲಿರುವಲ್ಲಿ ಬಾಗುಬಲ, ಅಂದರೆ ಕಮಾನನ್ನು ಬಗ್ಗಿಸುವ ಬಲ, ಇರುವುದಿಲ್ಲ. ಅದು ಹೆಚ್ಚಾಗುವುದು ಕೀಲುಗಳ ನಡುವೆ, ದಪ್ಪವೂ ಅಲ್ಲೇ. ಎಂಜಿನಿಯರ್ ರಾಬರ್ಟ್ ಮಯಾರ್ ಲೆಕ್ಕದ ನಕ್ಷೆಯನ್ನೇ ಕಣಿವೆಯ ಮೇಲೆ ಹಾಸಿದ್ದಾರೆ. ಇನ್ನೊಂದು ಕೋನಕ್ಕೆ ಸರಿದರೆ, ನೆತ್ತಿಯಲ್ಲಿ ಕಿರಿದಾಗಿರುವ ಕಮಾನು ಬುಡಕ್ಕೆ ಬರುತ್ತ ಆರು ಮೀಟರಿನಷ್ಟು ಅಗಲವಾಗುವುದು ತಿಳಿಯುತ್ತದೆ. ಅಡ್ಡಗಾಳಿಗೆ ಅದೇ ಉತ್ತರ.

90 ಮೀಟರ್ ಅಂತರವನ್ನು ದಾಟುವ ಈ ಕಮಾನು 1930ರಲ್ಲಿ ಪೂರ್ಣಗೊಂಡಿತು. ಸ್ಪರ್ಧೆಯಲ್ಲಿ ಇದು ಗೆದ್ದದ್ದು ಚೆಲುವಿನಿಂದಲ್ಲ, ಕಡಿಮೆ ವೆಚ್ಚದಿಂದ! ಮೊದಲು ಕಮಾನಿನ ತಳದ ತೆಳುವಾದ ಕಾಂಕ್ರೀಟ್ ಹಲಗೆಯನ್ನಷ್ಟೇ ಎರಕ ಹೊಯ್ದರು; ಅದು ಗಟ್ಟಿಯಾದ ಮೇಲೆ ಪಕ್ಕದ ಗೋಡೆಗಳ ಭಾರವನ್ನು ಹೊರಲು ತಾನೇ ನೆರವಾಯಿತು. ಹಾಗಾಗಿ ಕೆಳಗಿನ ಮರದ ಅಟ್ಟಣೆ ಹಗುರವಾಗಿದ್ದರೂ ಸಾಕಾಯಿತು. ಆ ಅಟ್ಟಣೆಯನ್ನು ಕಟ್ಟಿದ ರಿಚರ್ಡ್ ಕೊರಾಯ್ ಅವರ ಹೆಸರನ್ನೂ ನೆನಪಿಡಬೇಕು; ಕಣಿವೆಯ ಆಳ ನೋಡಿದರೆ ಅದೇ ಹೆಚ್ಚು ಎದೆಗಾರಿಕೆಯ ಕೆಲಸ ಎನಿಸುತ್ತದೆ.

ಹಿಮ ಬೀಳುವ ತಿಂಗಳುಗಳನ್ನು ಬಿಟ್ಟು ಹೋಗಿ. ಸಮಯ ಮಿಕ್ಕರೆ ಶೀರ್ಸ್‌ನಿಂದ ಅದೇ ರೈಲಿನಲ್ಲಿ ಕ್ಲೋಸ್ಟರ್ಸ್‌ವರೆಗೆ ಮುಂದುವರಿಯಿರಿ. ಅಲ್ಲಿ ಕ್ರಿಸ್ಟಿಯನ್ ಮೆನ್ ರೂಪಿಸಿದ ಸುನ್ನಿಬೆರ್ಗ್ ಸೇತುವೆಯಿದೆ. ಅದು ಕಮಾನಲ್ಲ, ತಂತಿಗಳಿಂದ ಹಿಡಿದಿಟ್ಟ ಬಾಗಿದ ಹಾದಿ. ಆದರೂ ಎರಡನ್ನೂ ಒಂದೇ ದಿನ ನೋಡುವ ಅವಕಾಶ ಬಿಡಬೇಡಿ.