ಪಾದದಿಂದ ಶುರು: ಸೂಪರ್‌ಹೀರೋ ಚಿತ್ರಸರಣಿ, ಆರನೆಯ ವಾರ

ನಾನು ಬರೆಯುತ್ತಿರುವ ಹನ್ನೆರಡು ಹಾಳೆಗಳ ರೇಖಾಚಿತ್ರ ಸರಣಿಯಲ್ಲಿ ಏಳು ಮುಗಿದಿವೆ, ಅವುಗಳಲ್ಲಿ ಒಂದನ್ನು ಕೈಬಿಟ್ಟಿದ್ದೇನೆ. ಕಾಮಿಕ್ಸ್ ಮುಖಪುಟಗಳಲ್ಲಿ ಸೂಪರ್‌ಹೀರೋ ಮಹಿಳೆಯರಿಗೆ ಕೊಡುವ ಭಂಗಿಗಳನ್ನು ಆರಿಸಿಕೊಂಡು, ನಿಜವಾದ ದೇಹ ಹಾಗೆ ನಿಲ್ಲಬಲ್ಲದೇ ಎಂದು ಪರೀಕ್ಷಿಸಿ, ಮತ್ತೆ ಬರೆಯುವುದು ನನ್ನ ಯೋಜನೆ. ಆರಂಭದಲ್ಲಿ ತಕರಾರೆಲ್ಲ ಉಡುಪಿನದೆಂದೇ ಭಾವಿಸಿದ್ದೆ. ಮಾರ್ವೆಲ್ ಕಾಮಿಕ್ಸ್‌ನ ಸೂಪರ್‌ಹೀರೋ ಕ್ಯಾರಲ್ ಡ್ಯಾನ್ವರ್ಸ್ (ಕ್ಯಾಪ್ಟನ್ ಮಾರ್ವೆಲ್) ಪಾತ್ರಕ್ಕೆ 2012ರಲ್ಲಿ ಈಜುಡುಗೆಯಂಥ ಹಳೆಯ ಉಡುಪಿನ ಬದಲು ಪೈಲಟ್‌ಗಳ ಸೂಟನ್ನು ಹೋಲುವ ಮೈತುಂಬ ಉಡುಪು ಬಂದದ್ದು ನನಗೆ ಮಾದರಿಯಾಗಿತ್ತು. ಮೊದಲ ಮೂರು ಹಾಳೆಗಳಲ್ಲಿ ಹೀಲ್ಸ್ ತೆಗೆದು ಬೂಟು ತೊಡಿಸಿದೆ, ತೋಳು ಸೇರಿಸಿದೆ. ಆದರೂ ಮೈಮುಚ್ಚಿಕೊಂಡ ಅದೇ ಗೊಂಬೆ ಅಲ್ಲಿ ನಿಂತಿತ್ತು.

ಕಾರಣ ತಿಳಿದದ್ದು ನಾಲ್ಕನೆಯ ಹಾಳೆಯಲ್ಲಿ. ಎದೆ ಮತ್ತು ನಿತಂಬ ಎರಡೂ ಒಟ್ಟಿಗೆ ನೋಡುಗರತ್ತ ತಿರುಗಿರುವ, ಓದುಗರು ಬೆನ್ನು ಮುರಿದ ಭಂಗಿಯೆಂದು ಗೇಲಿ ಮಾಡುವ ನಿಲುವು ಅದು. ಮರದ ಕೀಲುಗೊಂಬೆಯನ್ನು ಹಾಗೆ ತಿರುಚಲು ಹೋದಾಗ ಅದರ ಸೊಂಟದ ಕೀಲು ಕಳಚಿ ಕೈಗೆ ಬಂತು. ಮನುಷ್ಯರ ಬೆನ್ನೆಲುಬು ಸೊಂಟದ ಬಳಿ ಹೆಚ್ಚು ತಿರುಗುವುದಿಲ್ಲ. ಮುಂಡ ತಿರುಗುವ ಕೆಲಸದ ಬಹುಪಾಲು ಎದೆಯ ಹಿಂಭಾಗದ ಕಶೇರುಗಳದು. ನಮ್ಮ ಶಿಲ್ಪ, ನೃತ್ಯಗಳ ತ್ರಿಭಂಗ ನಿಲುವಿನಲ್ಲಿಯೂ ಮೈ ಬಳುಕುತ್ತದೆ, ಆದರೆ ತೂಕ ಸ್ಪಷ್ಟವಾಗಿ ಒಂದು ಕಾಲಿನ ಮೇಲಿರುತ್ತದೆ. ಇಲ್ಲಿ ತೂಕ ಎಲ್ಲಿಯೂ ಇಲ್ಲ. ಸಿನಿಮಾ ಚಿಂತಕಿ ಲಾರಾ ಮಲ್ವಿ 1975ರಲ್ಲಿ ಹಾಲಿವುಡ್ ಸಿನಿಮಾ ಕುರಿತು ಹೇಳಿದ ಪುರುಷ ನೋಟದ ಮಾತು, ಹೆಣ್ಣು ಅಲ್ಲಿ ಕ್ರಿಯೆ ನಡೆಸುವವಳಾಗಿರದೆ ನೋಟಕ್ಕೆ ಒದಗುವವಳಾಗಿರುತ್ತಾಳೆ ಎಂಬುದು, ನನಗೆ ಅರ್ಥವಾದದ್ದು ಆ ಕಳಚಿದ ಕೀಲನ್ನು ಮತ್ತೆ ಸಿಕ್ಕಿಸುವಾಗ.

ಐದನೆಯ ಹಾಳೆಯನ್ನು ಸರಣಿಯಿಂದ ಕೈಬಿಟ್ಟಿದ್ದೇನೆ. 2012ರಲ್ಲಿ ಕೆಲವು ಕಲಾವಿದರು ಹಾಕ್‌ಐ ಎಂಬ ಗಂಡು ಪಾತ್ರವನ್ನು ಇಂಥದೇ ಭಂಗಿಗಳಲ್ಲಿ ಬರೆದು, ಅಸಂಬದ್ಧತೆಯನ್ನು ಒಂದೇ ನೋಟಕ್ಕೆ ತೋರಿಸಿದ್ದರು. ನಾನೂ ಅಂಥದೊಂದು ಬರೆದೆ, ನಕ್ಕೆ ಕೂಡ. ಆದರೆ ಆ ನಗುವಿನಲ್ಲಿ ಅರ್ಧದಷ್ಟು, ಗಂಡು ಹೆಣ್ಣಿನಂತೆ ಕಂಡನಲ್ಲ ಎಂಬುದಕ್ಕೇ ಬಂದದ್ದೆಂಬ ಅನುಮಾನ ಹೋಗಲಿಲ್ಲ.

ಆರನೆಯದಕ್ಕೆ ಹಿಂದಕ್ಕೆ ಹೋದೆ. 1941ರಲ್ಲಿ ವಂಡರ್ ವುಮನ್‌ಗೆ ರೂಪ ಕೊಟ್ಟ ಎಚ್. ಜಿ. ಪೀಟರ್ ಅವರ ಗೆರೆ ಒರಟು, ಆದರೆ ಅವರ ನಾಯಕಿ ಓಡುತ್ತಾಳೆ, ಕೈಬಳೆಗಳಿಂದ ಗುಂಡುಗಳನ್ನು ತಡೆಯುತ್ತಾಳೆ. ಆ ಕಥೆಗಳಲ್ಲಿ ಮತ್ತೆ ಮತ್ತೆ ಅವಳನ್ನು ಬಂಧಿಸುವ ಸರಪಳಿಗಳನ್ನು ಮತದಾನದ ಹಕ್ಕಿಗಾಗಿ ಹೋರಾಡಿದ ಮಹಿಳೆಯರ ಸಂಕೇತವೆಂದೂ, ಕಾಮಪ್ರಚೋದಕವೆಂದೂ ಓದಿದವರಿದ್ದಾರೆ. ಎರಡೂ ನಿಜವೆಂದೇ ನನ್ನ ಎಣಿಕೆ. 1972ರಲ್ಲಿ ಮಿಜ್ (Ms.) ಎಂಬ ಅಮೆರಿಕದ ಸ್ತ್ರೀವಾದಿ ಪತ್ರಿಕೆ ಅವಳನ್ನು ಮುಖಪುಟಕ್ಕೆ ತಂದಾಗಲೂ ಉಡುಪು ಗಿಡ್ಡದ್ದೇ ಇತ್ತು, ಆದರೆ ಅವಳು ಬೀದಿಯ ಮೇಲೆ ದೈತ್ಯಾಕಾರದಲ್ಲಿ ದಾಪುಗಾಲು ಹಾಕುತ್ತಿದ್ದಳು.

ಏಳನೆಯ ಹಾಳೆಗೆ ಈ ವಾರವಿಡೀ ಹಿಡಿಯಿತು. ಜಿಗಿದು ನೆಲಕ್ಕಿಳಿಯುವ ಭಂಗಿಯಲ್ಲಿ ಮಂಡಿ ಅಗಲಿಸಿ ತೂಕ ಕೂರಿಸಿದ್ದರೂ, ಶಾಯಿ ಹಾಕುವ ಮೊದಲು ನೋಡಿದರೆ ನನ್ನ ಕೈ ತನ್ನಷ್ಟಕ್ಕೆ ಸೊಂಟವನ್ನು ಕಿರಿದಾಗಿಸಿ, ಹಿಮ್ಮಡಿಯನ್ನು ಎತ್ತಿಬಿಟ್ಟಿತ್ತು. ಮೂರು ಸಲ ಅಳಿಸಿದ್ದರಿಂದ ಹಿಮ್ಮಡಿಯ ಬಳಿ ಕಾಗದ ಜುಂಗೆದ್ದು ಶಾಯಿ ಹರಡಿದೆ. ಅದನ್ನು ಧೂಳೆಂದು ತೋರುವಂತೆ ತಿದ್ದಿದ್ದೇನೆ. ಎಂಟನೆಯ ಹಾಳೆಯಲ್ಲಿ ಸದ್ಯ ಒಂದು ನೆಲದ ಗೆರೆಯೂ ಅದರ ಮೇಲೆ ಎರಡು ಪಾದಗಳೂ ಮಾತ್ರ ಇವೆ.