ಹೊಟ್ಟೆ ತುಂಬಿದ ಕರಡಿಗಳು

ಕರಡಿ ನೋಡಲು ಜನ ಹೋಗುವ ಅಲಾಸ್ಕಾದ ಬ್ರೂಕ್ಸ್ ಕ್ಯಾಂಪ್‌ಗೆ ರಸ್ತೆ ಇಲ್ಲ. ಕಿಂಗ್ ಸಾಲ್ಮನ್ ಎಂಬ ಪುಟ್ಟ ಊರಿನಿಂದ ನೀರಿನ ಮೇಲೆ ಇಳಿಯುವ ವಿಮಾನದಲ್ಲಿ ಹೋದೆವು. ಹತ್ತುವ ಮೊದಲು ಬ್ಯಾಗಿನ ಜೊತೆ ನಮ್ಮ ತೂಕವನ್ನೂ ಕೇಳುತ್ತಾರೆ, ಅದೂ ಎಲ್ಲರ ಎದುರಿಗೇ! ಗಾಲಿಯ ಜಾಗದಲ್ಲಿ ದೋಣಿಯಂತೆ ತೇಲುವ ಎರಡು ಉದ್ದನೆಯ ಭಾಗಗಳು. ನಾಕ್ನೆಕ್ ಸರೋವರಕ್ಕೆ ತಾಗಿದಾಗ ಸಣ್ಣ ಕುಲುಕು, ಅಷ್ಟೇ.

ಇಳಿದ ಕೂಡಲೇ ರೇಂಜರ್ ಪಾಠ. ಕರಡಿಯಿಂದ ಕನಿಷ್ಠ 45 ಮೀಟರ್ ದೂರ ಇರಬೇಕು. ತಿಂಡಿ ಹಿಡಿದುಕೊಂಡು ತಿರುಗುವಂತಿಲ್ಲ.

ಜುಲೈ ಅಂದರೆ ಸಾಲ್ಮನ್ ಮೀನುಗಳು ಹೊಳೆಯ ಮೇಲ್ಮುಖವಾಗಿ ಈಜಿ ಬರುವ ಕಾಲ. ಬ್ರೂಕ್ಸ್ ಜಲಪಾತ ಆಳೆತ್ತರವೂ ಇಲ್ಲವೇನೋ. ಮೀನು ಅದನ್ನು ಹಾರಲೇಬೇಕು, ಮೇಲೆ ಕರಡಿ ಬಾಯಿ ತೆರೆದು ನಿಂತಿರುತ್ತದೆ. ದೊಡ್ಡ ಗಂಡು ಬಂದರೆ ಚಿಕ್ಕವು ಒಳ್ಳೆಯ ಜಾಗ ಬಿಟ್ಟು ಸರಿಯುತ್ತವೆ. ಮೀನು ಜಾಸ್ತಿ ಸಿಕ್ಕಾಗ ಚರ್ಮ, ಮಿದುಳು, ಮೊಟ್ಟೆ ಮಾತ್ರ ತಿಂದು ಉಳಿದದ್ದನ್ನು ಕಡಲಹಕ್ಕಿಗಳಿಗೆ ಬಿಡುತ್ತವೆ. ಕೊಬ್ಬು ಇರುವುದು ಅಲ್ಲೇ ಅಲ್ವಾ.

ನಮ್ಮನ್ನು ಒಂದೂ ತಿರುಗಿ ನೋಡಲಿಲ್ಲ. ಅದನ್ನು ಸ್ನೇಹ ಅಂದುಕೊಂಡು ಖುಷಿಪಡುತ್ತಿದ್ದವರು ಪಕ್ಕದಲ್ಲಿದ್ದರು. ನನಗೆ ಹಾಗನ್ನಿಸಲಿಲ್ಲ. ಹೊಟ್ಟೆ ತುಂಬುತ್ತಿರುವಾಗ ನಾವು ಅವಕ್ಕೆ ಲೆಕ್ಕಕ್ಕೇ ಇಲ್ಲ. ಅದು ಯಾಕೋ ಹಿತ ಅನ್ನಿಸಿತು.

ಚಳಿಗಾಲದ ನಿದ್ದೆಯಲ್ಲಿ ಮೈತೂಕದ ಮೂರನೇ ಒಂದು ಭಾಗದವರೆಗೂ ಕರಗುತ್ತದಂತೆ. ಅದಕ್ಕೇ ಈ ಪರಿ ತಿನ್ನುವುದು. 2014ರಿಂದ ಜನ ಆನ್‌ಲೈನಲ್ಲಿ ವೋಟು ಹಾಕಿ ಅತಿ ದಪ್ಪ ಕರಡಿಯನ್ನು ಆರಿಸುತ್ತಾರೆ. ನಮ್ಮಲ್ಲಿ ಸ್ವಲ್ಪ ಹೊಟ್ಟೆ ಬಂದರೂ ನೆಂಟರೆಲ್ಲ ಉಪದೇಶ ಶುರು ಮಾಡುತ್ತಾರೆ!

ಜಲಪಾತದ ಲೈವ್ ಕ್ಯಾಮೆರಾ ಇದೆ. ಜುಲೈನಲ್ಲಿ ನಮ್ಮ ರಾತ್ರಿ ಹತ್ತರ ಮೇಲೆ ನೋಡಿ, ಅಲ್ಲಿ ಆಗ ಬೆಳಗ್ಗೆ.